ಎರಡು ಕಾರ್ಡಿನ ಕ್ಯಾಮೆರಾ

2017ರ ಜೂನ್ 29, ಗುರುವಾರ. ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದುಕೊಂಡು ಜಗಲಿ ಮೇಲೆ ಕೂತಿದ್ದೆ. ಒಂದು ವರ್ಷದಿಂದ ಕಾಯುತ್ತಿದ್ದ ಸುದ್ದಿ ಅವತ್ತು ಬಂದಿತ್ತು. ಕ್ಯಾನನ್ 6ಡಿ ಮಾರ್ಕ್ 2 ಅನ್ನೋ ಕ್ಯಾಮೆರಾ ಬರುತ್ತದೆ ಅಂತ ಘೋಷಣೆ ಆಗಿತ್ತು. 26.2 ಮೆಗಾಪಿಕ್ಸೆಲ್. ಹಳೇ 6ಡಿಯಲ್ಲಿ 11 ಫೋಕಸ್ ಪಾಯಿಂಟ್ ಇದ್ದವು, ಇದರಲ್ಲಿ 45. ಹಿಂದಿನ ಪರದೆಯನ್ನು ಹೊರಗೆ ಎಳೆದು ಹೇಗೆ ಬೇಕಾದರೂ ತಿರುಗಿಸಬಹುದು, ಬೆರಳಲ್ಲಿ ಮುಟ್ಟಿ ಫೋಕಸ್ ಮಾಡಬಹುದು. ಓದುತ್ತಾ ಓದುತ್ತಾ ಖುಷಿಯಾಯಿತು. ಆದರೆ ನಾನು ಹುಡುಕುತ್ತಿದ್ದದ್ದು ಬೇರೆ. ಕೆಳಗೆ ಸರಿಸುತ್ತಾ ಹೋದೆ. ಮೆಮೊರಿ ಕಾರ್ಡ್ ಅನ್ನೋ ಸಾಲು ಸಿಕ್ಕಿತು. ಎಸ್‌ಡಿ ಕಾರ್ಡ್. ಒಂದೇ ಸ್ಲಾಟ್, ಅಂದರೆ ಕಾರ್ಡ್ ಹಾಕೋ ಜಾಗ ಒಂದೇ.

ಮೊಬೈಲ್ ಪಕ್ಕಕ್ಕಿಟ್ಟು ಸುಮ್ನೆ ಕೂತುಬಿಟ್ಟೆ.

ನಾನು ಮಂಡ್ಯದಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಗೃಹಪ್ರವೇಶ, ಇದೇ ನನ್ನ ಕಸುಬು. ಕಾರ್ಡಿನ ವಿಷಯಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದಕ್ಕೆ ಒಂದು ಕಾರಣ ಇದೆ.

2016ರ ಫೆಬ್ರವರಿಯಲ್ಲಿ ಮದ್ದೂರಿನ ಹತ್ತಿರ ಒಂದು ಛತ್ರದಲ್ಲಿ ಮದುವೆ. ನನ್ನ ಹತ್ತಿರ ಆಗ ಇದ್ದದ್ದು ಕ್ಯಾನನ್ 60ಡಿ, ಒಂದೇ ಕಾರ್ಡು. ನಮ್ಮ ಕಡೆ ಧಾರೆ ಅಂದರೆ ಹಾಲು ಧಾರೆ. ಹೆಣ್ಣು ಗಂಡಿನ ಕೈಗಳನ್ನು ಜೋಡಿಸಿ, ಅದರ ಮೇಲೆ ತೆಂಗಿನಕಾಯಿ ಇಟ್ಟು, ಅಪ್ಪ ಅವ್ವ ಮೊದಲು ಹಾಲು ಎರೆಯುತ್ತಾರೆ. ಆಮೇಲೆ ನೆಂಟರೆಲ್ಲ ಸಾಲಾಗಿ ಬಂದು ಒಂದೊಂದು ಉದ್ಧರಣೆ ಎರೆದು ಹೋಗುತ್ತಾರೆ. ಹಾಲು ಕಾಯಿಯಿಂದ ಜಾರಿ, ಬಳೆಗಳ ಮಧ್ಯೆ ಇಳಿದು, ಕೆಳಗಿನ ತಟ್ಟೆಗೆ ಬೀಳುತ್ತಿರುತ್ತದೆ. ನಲವತ್ತು ನಿಮಿಷ ತೆಗೆದೆ. ಧಾರೆ ಮುಗಿದ ಮೇಲೆ ನೋಡೋಣ ಅಂತ ಪ್ಲೇ ಒತ್ತಿದರೆ ಪರದೆಯಲ್ಲಿ ಕಾರ್ಡ್ ಎರರ್.

ರಾತ್ರಿಯೆಲ್ಲ ಕೂತು ರಿಕವರಿ ಸಾಫ್ಟ್‌ವೇರ್ ಹಾಕಿದೆ. ಬೆಳಗಿನ ಜಾವದ ಶಾಸ್ತ್ರದ ಫೋಟೋಗಳು ಬಂದವು. ಧಾರೆಯವು ಮಾತ್ರ ಅರ್ಧ ಚಿತ್ರ, ಅರ್ಧ ಬೂದು ಬಣ್ಣ. ಕೊನೆಗೆ ವಿಡಿಯೋದವರಿಂದ ಫ್ರೇಮ್ ತೆಗೆಸಿಕೊಂಡೆ. ಫುಲ್ ಎಚ್‌ಡಿ ವಿಡಿಯೋದ ಒಂದು ಫ್ರೇಮ್ ಅಂದರೆ 1920 × 1080, ಬರೀ ಎರಡು ಮೆಗಾಪಿಕ್ಸೆಲ್. ಅದನ್ನು 12 × 36 ಇಂಚಿನ ಕರಿಷ್ಮಾ ಆಲ್ಬಮ್ಮಿನ ಹಾಳೆಗೆ ಎಳೆದರೆ ಮುಖ ಉಳಿಯುತ್ತದಾ? ಚಿಕ್ಕದಾಗಿ ಮೂಲೆಯಲ್ಲಿ ಹಾಕಿದೆ. ಹುಡುಗಿಯ ಅಪ್ಪ ನನ್ನನ್ನು ಬೈಯಲಿಲ್ಲ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ನಾನು ಹಾಲು ಎರೆಯೋದು ಒಂದೂ ಇಲ್ವಾ?” ಅಂದರು. ಅಷ್ಟೇ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅವತ್ತೇ ತೀರ್ಮಾನ ಮಾಡಿದೆ. ಮುಂದಿನ ಕ್ಯಾಮೆರಾಗೆ ಎರಡು ಕಾರ್ಡ್ ಇರಲೇಬೇಕು. ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಉಳಿಯಬೇಕು. ಜೊತೆಗೆ ಫುಲ್ ಫ್ರೇಮ್ ಬೇಕು, ಅಂದರೆ ಬೆಳಕು ಹಿಡಿಯೋ ಸೆನ್ಸರ್ ಹಳೇ ಫಿಲ್ಮಿನಷ್ಟು ದೊಡ್ಡದಿರಬೇಕು. 60ಡಿಯ ಸೆನ್ಸರ್ ಚಿಕ್ಕದು. ನನ್ನ 24-105 ಲೆನ್ಸ್ ಅದಕ್ಕೆ ಹಾಕಿದರೆ 24 ಅನ್ನೋದು 38ರ ಹಾಗೆ ಕೆಲಸ ಮಾಡುತ್ತದೆ, ಫ್ರೇಮಿನೊಳಗೆ ಕಮ್ಮಿ ಜಾಗ ಬರುತ್ತದೆ. ಮಂಟಪದ ಎದುರು ಹಿಂದಕ್ಕೆ ಸರಿಯೋಣ ಅಂದರೆ ಬೆನ್ನಿಗೆ ನೆಂಟರು, ಪಕ್ಕಕ್ಕೆ ವಿಡಿಯೋ ಲೈಟು. ಜಾಗ ಎಲ್ಲಿಂದ ತರೋದು?

ಅದೇ ವರ್ಷ ಆಗಸ್ಟ್‌ನಲ್ಲಿ ಕ್ಯಾನನ್ 5ಡಿ ಮಾರ್ಕ್ 4 ಬಂತು. ಎಲ್ಲ ಇತ್ತು, ಆದರೆ ಆ ರೇಟು ನನಗೆ ಎಟುಕುವುದಾಗಿರಲಿಲ್ಲ. 6ಡಿ 2012ರದ್ದು, ಅದರ ಮುಂದಿನದು ಇನ್ನೇನು ಬರುತ್ತದೆ, ಅದರಲ್ಲಿ ಎರಡು ಸ್ಲಾಟ್ ಇದ್ದೇ ಇರುತ್ತದೆ ಅಂತ ನಮ್ಮ ಫೋಟೋಗ್ರಾಫರ್ ಗೆಳೆಯರೆಲ್ಲ ಹೇಳಿದರು. ನಾನೂ ನಂಬಿದೆ. ಈಗ ಸಾಲ ಮಾಡಿ ಯಾಕೆ ತಗೋಬೇಕು, ಸ್ವಲ್ಪ ಕಾಯೋಣ ಅಂದುಕೊಂಡೆ. ದುಡ್ಡೂ ಕೈಯಲ್ಲಿ ಓಡಾಡುತ್ತಿರಲಿಲ್ಲ. ಆ ವರ್ಷ ಕೆ.ಆರ್.ಎಸ್. ತುಂಬಲಿಲ್ಲ. ನವೆಂಬರ್‌ನಲ್ಲಿ ನೋಟು ಬ್ಯಾನ್ ಆಯಿತು. “ಕಬ್ಬಿನ ಬಿಲ್ಲಾದ್ಮೇಲೆ ಕೊಡ್ತೀನಿ ಕಣಪ್ಪ” ಅಂದವರ ಹತ್ತಿರ ಹೋಗಿ ಹೇಗೆ ಒತ್ತಾಯ ಮಾಡೋದು? ಕಬ್ಬೇ ಒಣಗುತ್ತಿತ್ತು.

ಹಾಗಂತ ಮದುವೆಗಳು ಕಾಯೋದಿಲ್ಲವಲ್ಲ. ಮೈಸೂರಿನಲ್ಲಿ ನನಗಿಂತ ಹಿರಿಯರೊಬ್ಬರು ಇದ್ದಾರೆ, ನಾನು ಅಣ್ಣ ಅಂತಲೇ ಕರೆಯೋದು. ಅವರ 5ಡಿ ಮಾರ್ಕ್ 3 ಬಾಡಿಯನ್ನು, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾವನ್ನು, ದಿನಕ್ಕೆ 1,500 ರೂಪಾಯಿಗೆ ಬಾಡಿಗೆಗೆ ತರುತ್ತಿದ್ದೆ. ಮುಹೂರ್ತದ ಹಿಂದಿನ ದಿನ ಮೈಸೂರಿಗೆ ಹೋಗಿ ತರೋದು, ಮಾರನೇ ದಿನ ರಾತ್ರಿ ವಾಪಸ್ ಕೊಡೋದು.

ಜೂನ್ 29ರ ರಾತ್ರಿ ಜಗಲಿ ಮೇಲೆ ಕೂತು ಡೈರಿ ತೆಗೆದು ಲೆಕ್ಕ ಹಾಕಿದೆ. ಕಾರ್ತಿಕದಿಂದ ಜ್ಯೇಷ್ಠದವರೆಗೆ 22 ದಿನ. 33,000 ರೂಪಾಯಿ. ಓಡಾಟದ ಖರ್ಚು ಬೇರೆ. ಕಾಯೋದಕ್ಕೆ ದುಡ್ಡು ಖರ್ಚಾಗಲ್ಲ ಅಂತ ನಾನು ಅಂದುಕೊಂಡಿದ್ದೆ. ಆ 33,000ದ ಕೆಳಗೆ ಎರಡು ಗೆರೆ ಎಳೆದೆ.

ಬೆಳಗ್ಗೆ ಮೈಸೂರಿಗೆ ಹೊರಟೆ. ಅವ್ವ ಹಿತ್ತಲಿಂದ ಬಂದು ಕೇಳಿದರು, “ಎಲ್ಲಿಗ್ಲಾ ಮಗ?”

“ಕ್ಯಾಮೆರಾ ನೋಡ್ಕೊಂಡ್ ಬತ್ತೀನಿ ಕಣವ್ವ.”

“ಆಷಾಢದಲ್ಲಿ ಯಾರಾದ್ರೂ ಹೊಸ ಸಾಮಾನು ಮನೆಗೆ ತತ್ತಾರಾ? ಶ್ರಾವಣ ಹುಟ್ಲಿ, ತಕ್ಕೊಳೀವಂತೆ.”

ಅವರು ಹೇಳಿದ್ದರಲ್ಲೂ ಅರ್ಥ ಇತ್ತು. ಆಷಾಢದಲ್ಲಿ ಮದುವೆ ಇಲ್ಲ, ನಮ್ಮ ಕಸುಬಿಗೆ ಒಂದು ತಿಂಗಳು ರಜೆ. ಆದರೆ ನಾನು ಯೋಚನೆ ಮಾಡಿದ್ದು ಬೇರೆ ಥರ. ಹೊಸ ಕ್ಯಾಮೆರಾ ಕೈಗೆ ಒಗ್ಗಬೇಕಾದರೆ ಈ ಒಂದು ತಿಂಗಳೇ ಸರಿ. ಮುಹೂರ್ತದ ಹೊತ್ತಲ್ಲಿ ಗುಂಡಿ ಹುಡುಕುತ್ತಾ ನಿಲ್ಲೋಕಾಗಲ್ಲ.

ಅವತ್ತು ಮೊದಲ ಆಷಾಢ ಶುಕ್ರವಾರ. ರೈಲಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಚಾಮುಂಡಿ ಬೆಟ್ಟಕ್ಕೆ ಹೊರಟ ಹೆಂಗಸರು, ಮಡಿಲಲ್ಲಿ ನಿಂಬೆಹಣ್ಣು, ಹೂವಿನ ಪೊಟ್ಟಣ. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ಎಲ್ಲರೂ ಕಿಟಕಿ ಕಡೆ ಬಗ್ಗಿದರು. ನೀರಿಗಿಂತ ಬಂಡೆಯೇ ಜಾಸ್ತಿ ಕಾಣಿಸುತ್ತಿತ್ತು.

ಮೈಸೂರಿನಲ್ಲಿ ಮೊದಲು ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿ ಇನ್ನೊಂದು ಜಾತ್ರೆ. ಮಧ್ಯರಾತ್ರಿ ಕಳೆದರೆ ಜಿಎಸ್‌ಟಿ. ಕ್ಯಾಮೆರಾಗೆ 28 ಪರ್ಸೆಂಟ್ ಅಂತ ಆಗಲೇ ಗೊತ್ತಾಗಿತ್ತು. ಹಳೇ ಸ್ಟಾಕ್ ಖಾಲಿ ಮಾಡೋಕೆ ರಿಯಾಯಿತಿ ಬೋರ್ಡ್ ಹಾಕಿದ್ದರು. ಟಿವಿ, ಫ್ರಿಜ್ಜು ಎತ್ತಿಕೊಂಡು ಹೋಗುತ್ತಿದ್ದರು ಜನ. ಕೌಂಟರಿನ ಹುಡುಗ ಹಳೇ 6ಡಿ ತೋರಿಸಿ, “ಇವತ್ತೇ ತಗೊಳ್ಳಿ ಸರ್, ನಾಳೆ ಈ ರೇಟ್ ಇರಲ್ಲ” ಅಂದ. ಮಾರ್ಕ್ 2 ಬೇಕಾದರೆ ಹೆಸರು ಬರೆಸಿ ಅಂದ. ಅದರ ರೇಟು ಅಮೆರಿಕದಲ್ಲಿ 1,999 ಡಾಲರ್, ಇಲ್ಲಿಗೆ ಎಷ್ಟಾಗುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ.

ಹಳೇ 6ಡಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಒಳ್ಳೇ ಕ್ಯಾಮೆರಾ. ಮಧ್ಯದ ಫೋಕಸ್ ಪಾಯಿಂಟು ಕತ್ತಲಲ್ಲೂ ಹಿಡಿಯುತ್ತದೆ. ಊರು ಸುತ್ತೋರಿಗೆ, ಬೆಟ್ಟಗುಡ್ಡ ತೆಗೆಯೋರಿಗೆ ಅದಾದರೂ ಸರಿ, ಹೊಸ ಮಾರ್ಕ್ 2 ಆದರೂ ಸರಿ. ಬೆಟ್ಟದ ಫೋಟೋ ಹಾಳಾದರೆ ಇನ್ನೊಂದು ಸಲ ಹೋಗಬಹುದು. ಧಾರೆಯನ್ನು ಇನ್ನೊಂದು ಸಲ ಎರೆಸೋಕಾಗಲ್ಲ. ರಿಯಾಯಿತಿಗೆ ಮನಸ್ಸು ಜಗ್ಗುತ್ತಿತ್ತು, ಸುಳ್ಳು ಹೇಳಲ್ಲ. ಬದಿಯ ಮುಚ್ಚಳ ತೆರೆದು ಆ ಒಂಟಿ ಸ್ಲಾಟ್ ನೋಡಿದೆ. ವಾಪಸ್ ಕೊಟ್ಟು ಹೊರಗೆ ಬಂದೆ.

ಅಲ್ಲಿಂದ ಅಣ್ಣನ ಸ್ಟುಡಿಯೋಗೆ ಹೋದೆ. ಕಾಫಿ ತರಿಸಿದರು. ಎಲ್ಲ ಕೇಳಿಸಿಕೊಂಡು ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, “ನಾನು ಮಾರ್ಕ್ 4 ತಗೊಂಡಾಯ್ತಲ್ಲ. ನೀನು ಬಾಡಿಗೆಗೆ ಒಯ್ಯೋ ಮಾರ್ಕ್ 3ನೇ ಇಟ್ಕೊಂಡ್ಬಿಡು. 85 ಸಾವಿರ ಕೊಡು, ಈ ವರ್ಷದ ಬಾಡಿಗೇಲಿ ಅರ್ಧ ವಜಾ ಮಾಡ್ಕೋ” ಅಂದರು.

ಹೊಸದು ಬರಲಿ ಅಂತ ಒಂದು ವರ್ಷ ಕಾದಿದ್ದೆ. ಬೇಕಾದದ್ದು ವರ್ಷವಿಡೀ ನನ್ನ ಕತ್ತಿನಲ್ಲೇ ನೇತಾಡುತ್ತಿತ್ತು. 2012ರ ಮಾಡೆಲ್, 22.3 ಮೆಗಾಪಿಕ್ಸೆಲ್, 61 ಫೋಕಸ್ ಪಾಯಿಂಟ್. ಒಂದು ಸಿಎಫ್ ಕಾರ್ಡ್ (ಎಸ್‌ಡಿಗಿಂತ ದೊಡ್ಡದು), ಒಂದು ಎಸ್‌ಡಿ.

ಗೊತ್ತಿರೋ ಕ್ಯಾಮೆರಾ ಅಂತ ಹಾಗೇ ಎತ್ತಿಕೊಂಡು ಬರಲಿಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನು ಮಾಡಲೇಬೇಕು. ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಕ್ಲಿಕ್ ಆಗಿದೆ ಅಂತ ನೋಡಿದೆವು, 71 ಸಾವಿರ ಚಿಲ್ಲರೆ. ಕಂಪನಿ ಲೆಕ್ಕದಲ್ಲಿ ಇದರ ಶಟರ್ ಬಾಳಿಕೆ 1,50,000 ಕ್ಲಿಕ್. ನಾನು ಒಂದು ಮದುವೆಗೆ ಸುಮಾರು 2,500 ಕ್ಲಿಕ್ ಮಾಡುತ್ತೇನೆ. ಅಂದರೆ ಕಣ್ಣು ಮುಚ್ಚಿಕೊಂಡು 30 ಮದುವೆ. ಆಮೇಲೆ ಶಟರ್ ಬದಲಾಯಿಸಿದರಾಯಿತು. ಧೂಳು ಎದ್ದು ಕಾಣಲಿ ಅಂತ ಲೆನ್ಸಿನ ಕಿಂಡಿ ಚಿಕ್ಕದು ಮಾಡಿ, ಎಫ್ 22 ಇಟ್ಟು, ಬಿಳಿ ಗೋಡೆಯ ಒಂದು ಫೋಟೋ ತೆಗೆದೆ, ಸೆನ್ಸರ್ ಮೇಲೆ ಎರಡು ಧೂಳಿನ ಚುಕ್ಕೆ ಬಿಟ್ಟರೆ ಏನಿಲ್ಲ. ಕೊನೆಗೆ ಸಿಎಫ್ ಸ್ಲಾಟ್. ಅದರೊಳಗೆ ಕೂದಲಿನಂಥ 50 ಪಿನ್‌ಗಳು ನಿಂತಿರುತ್ತವೆ. ಯಾರಾದರೂ ಕಾರ್ಡನ್ನು ಓರೆಯಾಗಿ ತುರುಕಿದರೆ ಒಂದು ಬಾಗಿದರೂ ಸಾಕು, ಸ್ಲಾಟ್ ಹೋಯಿತು. ಮೊಬೈಲ್ ಟಾರ್ಚ್ ಬಿಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಸಾಲು ಸಾಲಾಗಿ ನೋಡಿದೆ. ಬತ್ತದ ಪೈರು ನಾಟಿ ಹಾಕಿದ ಹಾಗೆ ನೆಟ್ಟಗೆ ನಿಂತಿದ್ದವು.

ಕತ್ತಲಾದ ಮೇಲೆ ಮನೆ ಸೇರಿದೆ. ಬ್ಯಾಗ್ ನೋಡಿ ಅವ್ವ ಹೊಸಲಿನಲ್ಲೇ ನಿಲ್ಲಿಸಿದರು. “ಹಳೇದು ಕಣವ್ವ, ನಾನು ಬಾಡಿಗೆಗೆ ತತ್ತಿದ್ನಲ್ಲ, ಅದೇಯ” ಅಂದೆ. “ಅಂಗಾದ್ರೆ ಒಳೀಕ್ ಬಾ” ಅಂದರು. ಪೂಜೆ ಮಾತ್ರ ಶ್ರಾವಣಕ್ಕೇ ಅಂತ ಇಟ್ಟರು.

ಆ ತಿಂಗಳು ಪೂರ್ತಿ ಕಾರ್ಡುಗಳ ಜೊತೆಯೇ ಕೂತೆ. ಈ ಕ್ಯಾಮೆರಾದಲ್ಲಿ ಎಸ್‌ಡಿ ಕಡೆ ನಿಧಾನ. ಎರಡಕ್ಕೂ ರಾ ಫೈಲ್, ಅಂದರೆ ಕುಗ್ಗಿಸದ ದೊಡ್ಡ ಫೈಲ್, ಬರೆಸಿದರೆ ಒಂದೇ ಸಮ ಕ್ಲಿಕ್ ಮಾಡುವಾಗ ಮಧ್ಯದಲ್ಲಿ ನಿಂತುಬಿಡುತ್ತದೆ. ಸಿಎಫ್‌ಗೆ ರಾ, ಎಸ್‌ಡಿಗೆ ಜೆಪೆಗ್ ಅಂತ ಇಟ್ಟ ಮೇಲೆ ಸರಾಗವಾಗಿ ಓಡಿತು. ಜೆಪೆಗ್ ಆದರೇನು, 12 × 36ಕ್ಕೆ ಧಾರಾಳವಾಗಿ ಸಾಕು.

ಶ್ರಾವಣದ ಮೊದಲ ಮದುವೆ ಮಂಡ್ಯದಲ್ಲೇ. ಹೊರಗೆ ಸಣ್ಣ ಮಳೆ, ಒಳಗೆ ಸೆಕೆ. ಧಾರೆಗೆ ನಿಂತಾಗ ಕೈ ಸ್ವಲ್ಪ ನಡುಗುತ್ತಿತ್ತು. ಹುಡುಗಿಯ ಅಪ್ಪ ಉದ್ಧರಣೆ ಎತ್ತಿದರು. ಅವರಿಗೆ ಕಣ್ಣು ತುಂಬಿತ್ತು, ಹಾಲು ಕಾಯಿ ಮೇಲೆ ಬೀಳೋ ಬದಲು ಮಗಳ ಮಣಿಕಟ್ಟಿನ ಮೇಲೆ ಬಿತ್ತು. ಅವಳು ಕೈ ಅಲ್ಲಾಡಿಸಲಿಲ್ಲ. ಅಪ್ಪನ ಮುಖ ನೋಡಿದಳು. 24ರಲ್ಲಿ ಇಬ್ಬರೂ ಫ್ರೇಮಿನೊಳಗೆ ಬಂದರು. ಕ್ಲಿಕ್ ಮಾಡಿದೆ.

ಧಾರೆ ಮುಗಿದ ಮೇಲೆ ಕಂಬದ ಮರೆಗೆ ಹೋಗಿ ಎರಡೂ ಕಾರ್ಡಿನಲ್ಲಿ ಆ ಫೋಟೋ ತೆರೆದು ನೋಡಿದೆ. ಎಸ್‌ಡಿ ಕಾರ್ಡ್ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡು, ಬೇರೆ ಕಾರ್ಡ್ ತೂರಿಸಿದೆ. ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಹೋಗಿ ಕೂತೆ.