ಉಂಗುರಕ್ಕೆ ಬಿಟ್ಟರು, ಬಳೆಗೆ ಬಿಡಲಿಲ್ಲ

ಹೋದ ಸೋಮವಾರ ನನ್ನ ಜೊತೆ ಕೆಲಸ ಮಾಡುವವಳನ್ನು ಊಟ ಬಡಿಸುವ ಜಾಗದಿಂದ ತೆಗೆದು ಟ್ರೇ ತೊಳೆಯಲು ಹಾಕಿದರು. ಕಾರಣ ಅವಳ ಉಗುರು.

ನಾವಿಬ್ಬರೂ ಅಮೆರಿಕದ ಡಲ್ಲಾಸ್ ಪಕ್ಕದ ಒಂದು ಶಾಲೆಯ ಅಡುಗೆಮನೆಯಲ್ಲಿದ್ದೇವೆ. ಅವಳು ಮೆಕ್ಸಿಕೊದವಳು. ಅದರ ಹಿಂದಿನ ಶನಿವಾರ ಅವಳ ಮಗಳ 15ನೇ ಹುಟ್ಟುಹಬ್ಬ ಇತ್ತು. ಅವರಲ್ಲಿ ಹುಡುಗಿಗೆ 15 ತುಂಬಿದರೆ ಮದುವೆಯಷ್ಟೇ ಜೋರು: ಚರ್ಚು, ನೆಲ ಗುಡಿಸುವಂಥ ಗೌನು, ನೆಂಟರು, ಕುಣಿತ. ವರ್ಷವಿಡೀ ಟ್ರೇ ಎತ್ತುವ ಕೈ ಒಂದು ದಿನವಾದರೂ ಚಂದ ಕಾಣಲಿ ಅಂತ ಸ್ವಂತ ಉಗುರಿನ ಮೇಲೆ ಅಂಟಿಸುವ, ತಿಳಿ ಗುಲಾಬಿ ಬಣ್ಣದ ಅಕ್ರಿಲಿಕ್ ಉಗುರು ಹಾಕಿಸಿಕೊಂಡಿದ್ದಳು. ಅದನ್ನು ಸುಮ್ನೆ ಕಿತ್ತರೆ ಸ್ವಂತ ಉಗುರಿನ ಪದರವೂ ಕಿತ್ತು ಬರುತ್ತದೆ, ಅಸಿಟೋನ್‌ನಲ್ಲಿ ನೆನೆಸಿ ತೆಗೆಯಬೇಕು. ಭಾನುವಾರ ಪಾತ್ರೆ, ನೆಂಟರು ಅಂತ ಪುರುಸೊತ್ತು ಸಿಗಲಿಲ್ಲ. ಕೈಗವಸು ಹಾಕಿಕೊಳ್ತೀನಿ ಅಂದಳು. ಆಹಾರ, ಔಷಧಿ ನೋಡಿಕೊಳ್ಳುವ ಇಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಬರೆದ ಅಡುಗೆಮನೆ ನಿಯಮ, ಅಂದರೆ ಫುಡ್ ಕೋಡ್ ಪ್ರಕಾರ, ಹರಿಯದ ಕೈಗವಸು ಇದ್ದರೆ ಅಂಟಿಸಿದ ಉಗುರು ಇರಬಹುದು, ಆದರೆ ನಮ್ಮ ಅಡುಗೆಮನೆ ಅಷ್ಟಕ್ಕೂ ಒಪ್ಪುವುದಿಲ್ಲ.

ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಅಂಥ ಉಗುರಿನ ಕೆಳಗೆ ಕೊಳೆ ಕೂರುತ್ತದೆ, 20 ಸೆಕೆಂಡ್ ಉಜ್ಜಿ ತೊಳೆದರೂ ಪೂರ್ತಿ ಹೋಗದು, ಕೈಗವಸನ್ನೂ ಹರಿಯುತ್ತದೆ, ಒಂದು ಚೂರು ಮುರಿದು ಮಗುವಿನ ತಟ್ಟೆಗೆ ಬಿದ್ದರೆ ಏನು ಗತಿ? ನನಗೆ ನೋವಾದದ್ದು ಹೇಳಿದ ರೀತಿಗೆ. ಎಲ್ಲರ ಮುಂದೆ ಕೈ ಚಾಚು ಅಂದರು. ಊರಿನ ಶಾಲೆಯಲ್ಲಿ ಮಾಸ್ತರರು ಸೋಮವಾರ ನಮ್ಮ ಉಗುರು ನೋಡುತ್ತಿದ್ದ ಹಾಗೆ. ಅವಳಿಗೆ 43 ವರ್ಷ.

ಕೆಲಸ ಮುಗಿದ ಮೇಲೆ ಕಾರಿನ ಹತ್ತಿರ ನಿಂತು ಕೇಳಿದಳು, "ಮ್ಯಾನೇಜರ್ ಉಂಗುರ ಹಾಕ್ಕೊಂಡೇ ಇರ್ತಾಳೆ. ನಿನ್ನ ಬಳೆ ಯಾಕೆ ತೆಗೆಸಿದರು? ನಿನ್ನದು ಮದುವೆಯಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಕೋಡಿನಲ್ಲಿ ಇರುವುದೇ ಹಾಗೆ: ಅಡುಗೆ ಮಾಡುವಾಗ ಕೈಯಲ್ಲಿ, ತೋಳಿನಲ್ಲಿ ಯಾವ ಒಡವೆಯೂ ಇರಬಾರದು, ಮದುವೆ ಉಂಗುರದಂಥ ಸಾದಾ ಉಂಗುರ ಒಂದನ್ನು ಬಿಟ್ಟು. ಬರೆದವರಿಗೆ ತಮ್ಮ ಮನೆಯ ಮದುವೆ ಗೊತ್ತಿತ್ತು, ನಮ್ಮದು ಗೊತ್ತಿರಲಿಲ್ಲ, ಅಷ್ಟೇ ಇರಬೇಕು. ಎರಡು ವರ್ಷದ ಹಿಂದೆ, ಮೊದಲ ದಿನ, ಆರು ಹಸಿರು ಗಾಜಿನ ಬಳೆ ತೆಗೆದು ಕಾರಿನಲ್ಲಿಟ್ಟು, ಅಲ್ಲೇ ಕೂತು ಅತ್ತಿದ್ದೆ. ದೀಪ ಆರಿಸು ಅನ್ನಲೂ ಮನಸ್ಸು ಬಾರದೆ ದೊಡ್ಡದು ಮಾಡು ಅನ್ನುವ ಜನ ನಾವು. ನಮ್ಮಲ್ಲಿ ಹೆಣ್ಣುಮಗಳಿಗೆ "ಬಳೆ ತೆಗಿ" ಅಂತ ಯಾವಾಗ ಹೇಳುತ್ತಾರೆ ಅನ್ನುವುದನ್ನು ಇಲ್ಲಿ ಯಾರಿಗೆ, ಹೇಗೆ ಹೇಳಲಿ?

ಆದರೂ ಅವ್ವನ ಕೈ ನೆನಪಾಗುತ್ತದೆ. ಗದಗ ಹತ್ತಿರದ ನಮ್ಮೂರಲ್ಲಿ ರೊಟ್ಟಿ ಹಿಟ್ಟು ನಾದುವಾಗ ಬಳೆಗಳನ್ನು ಮೊಣಕೈ ತನಕ ಏರಿಸಿಕೊಳ್ಳುತ್ತಿದ್ದಳು. ರೊಟ್ಟಿ ಬಡಿಯುವಾಗ ಅವು ಮತ್ತೆ ಜಾರುತ್ತಿದ್ದವು. ಆ ಸದ್ದಿಗೇ ನಾವು ಏಳುತ್ತಿದ್ದೆವು. ಮಧ್ಯಾಹ್ನ ನೋಡಿದರೆ ಬಳೆಯ ಸಂದಿಯಲ್ಲೆಲ್ಲ ಜೋಳದ ಹಿಟ್ಟು ಒಣಗಿ ಬೆಳ್ಳಗೆ ಕೂತಿರುತ್ತಿತ್ತು. ನಾಲ್ಕು ಜನರ ಮನೆಗೆ ಅದು ನಡೆಯುತ್ತದೆ. ಐನೂರು ಮಕ್ಕಳ ಅಡುಗೆಗೆ ನಡೆಯುವುದಿಲ್ಲ, ಅದನ್ನು ನಾನು ಒಪ್ಪುತ್ತೇನೆ.

2023ರಲ್ಲಿ, ಬಿಸಿಯೂಟದ ಅಡುಗೆಯವರು ಬಳೆ ತೊಡುವಂತಿಲ್ಲವಂತೆ ಅಂತ ಸುದ್ದಿ ಹಬ್ಬಿ ಕರ್ನಾಟಕದಲ್ಲಿ ಎಷ್ಟು ಗದ್ದಲ ಆಯಿತು ನೋಡಿ. ನಾನೂ ಇಲ್ಲಿಂದ ಅದನ್ನೇ ಓದುತ್ತಾ ಸಿಟ್ಟಾಗಿದ್ದೆ. ನಮ್ಮ ಚಿಕ್ಕವ್ವ ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಇಷ್ಟು ವರ್ಷದಲ್ಲಿ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಸೋಮವಾರ ರಾತ್ರಿ, ಅಲ್ಲಿ ಬೆಳಗಾದಾಗ, ಫೋನ್ ಮಾಡಿ ಉಗುರಿನ ಕತೆ ಎಲ್ಲ ಹೇಳಿ, ನಿಮಗೆ ಬಳೆಗೆ ಏನಂತಾರೆ ಚಿಕ್ಕವ್ವ ಅಂದೆ. ಇಲ್ಲಿ ಪ್ರತಿ ಸಿಂಕಿಗೂ ಬಿಸಿನೀರು, ಸೋಪು, ಒರೆಸುವ ಕಾಗದ, ದಿನಕ್ಕೆ ಎಷ್ಟು ಬೇಕಾದರೂ ಕೈಗವಸು ಇರುತ್ತದೆ ಅಂತಲೂ ಹೇಳಿದೆ. ಅವಳು ಅಷ್ಟನ್ನೂ ಕೇಳಿಸಿಕೊಂಡಳು.

"ಬಳಿ ಮಾತು ಆಮ್ಯಾಲ ಆಡೂಣು," ಅಂದಳು. "ಕೈ ತೊಳಿಯಾಕ ಸಾಬೂನ ನಾನ ಮನಿಯಿಂದ ಒಯ್ತೀನವಾ."