ಕೇಸ್ ಶೀಟಿನಲ್ಲಿ ನಾನು ಬರೆಯದೆ ಬಿಟ್ಟ ಬೆನ್ನುನೋವು

ಕೋಲಾರದ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನನಗೆ ರಾತ್ರಿ ಪಾಳಿ ಇದ್ದಾಗ, ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸುವ ನಡುವಯಸ್ಸಿನ ಮಹಿಳೆಯೊಬ್ಬರನ್ನು ಅವರ ಮಗ ಕರೆತಂದರು. ನಾನು ‘ತಲೆನೋವು, ವಾಂತಿ’ ಎಂದು ಬರೆದುಕೊಂಡು ವೈದ್ಯರನ್ನು ಕರೆದೆ. ಕತ್ತು ಹಲಗೆಯಂತೆ ಬಿಗಿದಿತ್ತು. ಮಿದುಳಿನ ರಕ್ತಸ್ರಾವ ಇರಬಹುದೆಂದು ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದರೆ ಅದರಲ್ಲಿ ಏನೂ ಕಾಣಲಿಲ್ಲ. ಎಲ್ಲರಿಗೂ ಕೊಂಚ ನಿರಾಳವಾಯಿತು.

ಬೆಳಗಿನ ಜಾವ ಬೆಡ್‌ಪ್ಯಾನ್ ಇಟ್ಟರೂ ಮೂತ್ರ ಬರಲಿಲ್ಲ, ಕಿಬ್ಬೊಟ್ಟೆ ಮುಟ್ಟಿದರೆ ಗಟ್ಟಿಯಾಗಿ ಉಬ್ಬಿತ್ತು. ಕಾಲೆತ್ತಲು ಹೇಳಿದೆ, ಬಲಗಾಲು ಹಾಸಿಗೆಯ ಮೇಲೆ ಜರುಗಿತೇ ಹೊರತು ಮೇಲೇಳಲಿಲ್ಲ. “ನೋವು ಮೊದಲು ಎಲ್ಲಿ ಶುರುವಾಯಿತಮ್ಮ?” ಎಂದು ಕೇಳಿದೆ.

“ನಡುಬೆನ್ನಲ್ಲಿ ಸಿಸ್ಟರ್, ಚಾಕು ಹಾಕ್ದಂಗಾಯ್ತು. ತಲೆಗೆ ಹತ್ತಿದ್ದು ಆಮೇಲೆ. ಬಂದಾಗ್ಲೇ ಹೇಳಿದ್ನಲ್ಲ.”

ಹೇಳಿದ್ದರು. ಕ್ರೇಟು ಎತ್ತುವವರಿಗೆ ಬೆನ್ನುನೋವು ಇದ್ದದ್ದೇ ಎಂದುಕೊಂಡು ನಾನೇ ಅದನ್ನು ಬರೆದಿರಲಿಲ್ಲ. ಹೃದಯದ ಕವಾಟ ಬದಲಿಸಿದ್ದರಿಂದ ಅವರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುತ್ತಿದ್ದ ಸಂಗತಿಯೂ, ಮಗ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದ ಮೇಲೆಯೇ ನಮಗೆ ತಿಳಿಯಿತು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಐಎನ್‌ಆರ್ ಅಂಕಿ 6 ದಾಟಿತ್ತು. ರಕ್ತ ಅಷ್ಟು ತೆಳುವಾಗಿರುವಾಗ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುವಂತಿಲ್ಲವಾದ್ದರಿಂದ, ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟು, ಕ್ಯಾಥೆಟರ್ ಹಾಕಿ, ಅವರನ್ನು ಬೆಂಗಳೂರಿಗೆ ಕಳುಹಿಸಿದರು. ಅಲ್ಲಿನ ಎಂಆರ್‌ಐಯಲ್ಲಿ ಬೆನ್ನುಹುರಿಯ ಸುತ್ತ ರಕ್ತ ಕಂಡಿತು.

ಬೆನ್ನಿನ ರಕ್ತಸ್ರಾವಕ್ಕೆ ತಲೆ ಏಕೆ ನೋಯಬೇಕೆಂದು ಆಗ ನನಗೂ ಅನ್ನಿಸಿತ್ತು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವುದು ಒಂದೇ ದ್ರವ. ವಯಸ್ಕರಲ್ಲಿ ಅದು ಒಟ್ಟು ಸುಮಾರು 150 ಮಿಲಿಲೀಟರ್ ಇರುತ್ತದೆ. ಕೆಳಗೆ ಸೋರಿದ ರಕ್ತ ಆ ದ್ರವದೊಂದಿಗೆ ಮೇಲೇರಿ ಪೊರೆಗಳನ್ನು ಕೆರಳಿಸಿದಾಗ ತಲೆನೋವು, ವಾಂತಿ, ಕತ್ತಿನ ಬಿಗಿತ ಎಲ್ಲವೂ ಮಿದುಳಿನ ರಕ್ತಸ್ರಾವದಂತೆಯೇ ಬರುತ್ತವೆ, ಆದರೆ ತಲೆಯ ಸ್ಕ್ಯಾನ್ ಸರಿಯಾಗಿಯೇ ಇರಬಹುದು. ಇದು ಅಪರೂಪದ ಕಾಯಿಲೆ; ರಕ್ತ ತೆಳುವಾಗಿಸುವ ಮಾತ್ರೆಯಲ್ಲದೆ ಬೆನ್ನುಹುರಿಯ ರಕ್ತನಾಳಗಳ ಗಂಟು, ಗೆಡ್ಡೆ, ಪೆಟ್ಟುಗಳಿಂದಲೂ ಬರುತ್ತದೆ. ಫ್ರೆಂಚ್ ವೈದ್ಯ ಮಿಷೋನ್ 1928ರಲ್ಲಿ ಈ ನೋವನ್ನು ಬೆನ್ನಿಗೆ ಬಾಕು ಇರಿದದ್ದಕ್ಕೆ ಹೋಲಿಸಿದ್ದರು. ಮಂಡಿಯ ಆ ತಾಯಿ ಅದನ್ನೇ ತಮ್ಮ ಮಾತಿನಲ್ಲಿ ಹೇಳಿದ್ದರು.

ಈಗ ನೋವಿನ ಕೇಸು ಬಂದರೆ ಮೊದಲು ಎಲ್ಲಿ, ಆಮೇಲೆ ಎಲ್ಲಿ ಎಂದು ಕೇಳಿ, ಅವರು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಮಾತ್ರೆಯ ಚೀಲವನ್ನೂ ತೆರೆಸುತ್ತೇನೆ. ಮೂರು ತಿಂಗಳ ಬಳಿಕ ಅವರು ಕೋಲೂರಿಕೊಂಡು ಬಂದು ವಾರ್ಡಿಗೆ ಒಂದು ಚೀಲ ಟೊಮೆಟೊ ಕೊಟ್ಟುಹೋದರು. ಬಲಗಾಲನ್ನು ಇನ್ನೂ ಎಳೆದುಕೊಂಡೇ ನಡೆಯುತ್ತಿದ್ದರು.