ಕಾಲು ಡಿಫೆಂಡರ್‌ನದು, ಕೈ ಆಡುವವರದು

ಫುಟ್‌ಬಾಲ್ ವಿಡಿಯೊ ಗೇಮ್ ತಯಾರಿಸುವ ತಂಡದಲ್ಲಿ ನನ್ನದು ಟ್ಯೂನಿಂಗ್ ಕೆಲಸ. ಡಿಫೆಂಡರ್ ಎಷ್ಟು ಬೇಗ ತಿರುಗಬೇಕು, ಟ್ಯಾಕಲ್ (ಎದುರಾಳಿಯ ಕಾಲಿಂದ ಬಾಲ್ ಕಿತ್ತುಕೊಳ್ಳುವುದು) ತಪ್ಪಿದರೆ ಎಷ್ಟು ಹೊತ್ತು ತಡವರಿಸಬೇಕು, ಥ್ರೂ ಬಾಲ್ (ಡಿಫೆಂಡರ್‌ಗಳ ನಡುವೆ ತೂರಿಸುವ ಪಾಸ್) ಎಷ್ಟು ನಿಖರವಾಗಿ ಹೋಗಬೇಕು, ಇಂಥ ಅಂಕಿಗಳನ್ನು ಏರಿಸಿ ಇಳಿಸಿ ನೋಡುತ್ತಿರುತ್ತೇನೆ. ಈ ಕೆಲಸದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಒಂದು ಬಿಲ್ಡ್ (ಇನ್ನೂ ತಯಾರಾಗುತ್ತಿರುವ ಗೇಮ್‌ನ ಒಂದು ಆವೃತ್ತಿ) ಆಡಿ ನೋಡಿದವರೆಲ್ಲ ಒಂದೇ ದೂರು ಹೇಳಿದರು: ಗೋಲು ಜಾಸ್ತಿ ಆಯ್ತು. 5-4, 6-3, ಹೀಗೆ. ನಾನು ನಿಜವಾದ ಫುಟ್‌ಬಾಲಿನ ಲೆಕ್ಕ ತೆಗೆದೆ. 2022ರ ವಿಶ್ವಕಪ್‌ನಲ್ಲಿ 64 ಪಂದ್ಯಕ್ಕೆ 172 ಗೋಲು, ಅಂದರೆ ಪಂದ್ಯಕ್ಕೆ ಸುಮಾರು 2.7. ನಮ್ಮದನ್ನೂ ಅಲ್ಲಿಗೆ ತರೋಣ ಅಂತ ಕಂಪ್ಯೂಟರ್ ನಡೆಸುವ ಡಿಫೆಂಡರ್‌ಗಳನ್ನು ಚುರುಕು ಮಾಡಿದೆ. ಪಾಸ್ ಹೋಗುವ ದಾರಿಗೆ ಅವರೇ ಅಡ್ಡ ಬರುತ್ತಿದ್ದರು, ಶಾಟ್ ಹೊಡೆದರೆ ಅವರೇ ಕಾಲು ಚಾಚುತ್ತಿದ್ದರು. ಗೋಲು ಇಳಿಯಿತು. ಅಂಕಿ ನಾನು ಅಂದುಕೊಂಡ ಕಡೆಗೇ ಬಂತು.

ಆಟ ಸತ್ತುಹೋಯಿತು.

ಅದು ನನಗೆ ಗೊತ್ತಾಗಿದ್ದು ಇಬ್ಬರು ಟೆಸ್ಟರ್‌ಗಳ ಪಕ್ಕ ಕುಳಿತಾಗ. ನಾನು ತೆರೆ ಬಿಟ್ಟು ಅವರ ಕೈ ನೋಡುತ್ತಿದ್ದೆ. ಒಬ್ಬ ತನ್ನ ತಂಡದ ಹಿಂದಿನ ಇಬ್ಬರು ಆಟಗಾರರ ನಡುವೆಯೇ ಪಾಸ್ ಮಾಡುತ್ತಿದ್ದ. ಇನ್ನೊಬ್ಬನ ಹೆಬ್ಬೆರಳು ಸ್ಟಿಕ್ ಮೇಲೆ ಸುಮ್ನೆ ಕೂತಿತ್ತು. ಕೊನೆಗೆ ಬಾಲ್ ಮುಂದೆ ಹೋಯಿತು, ಕಂಪ್ಯೂಟರ್‌ನ ಡಿಫೆಂಡರ್ ಬಂದು ಕಿತ್ತುಕೊಂಡ. ಬಾಲ್ ಸಿಕ್ಕವನು, ‘ನಾನೇನೂ ಮಾಡ್ಲಿಲ್ಲ’ ಅಂದ. ಕಳೆದುಕೊಂಡವನು ಕಂಟ್ರೋಲರ್ ಅನ್ನು ತೊಡೆ ಮೇಲೆ ಇಟ್ಟು, ‘ನನ್ನಿಂದ ಕಿತ್ತುಕೊಂಡಿದ್ದು ಇವನಲ್ಲ, ಗೇಮು’ ಅಂದ. ಇಬ್ಬರಿಗೂ ಸಮಾಧಾನ ಇರಲಿಲ್ಲ.

ಮೊದಲನೆಯದಾಗಿ, ನಾನು ಹಿಡಿದ ಅಳತೆಯೇ ಸರಿ ಇರಲಿಲ್ಲ. ಮೈದಾನದಲ್ಲಿ 90 ನಿಮಿಷದ ಆಟ. ಆನ್‌ಲೈನ್ ಪಂದ್ಯದಲ್ಲಿ ಅರ್ಧಕ್ಕೆ 6 ನಿಮಿಷದಂತೆ ಒಟ್ಟು 12. ಮೈದಾನದ ವೇಗದಲ್ಲೇ ಗೋಲು ಬಿದ್ದರೆ ಮೂರು ಪಂದ್ಯಕ್ಕೆ ಒಂದು ಗೋಲು ಬಂದೀತು. ಅಂಥ ಆಟವನ್ನು ಯಾರು ಆಡುತ್ತಾರೆ?

ಎರಡನೆಯದು ಇನ್ನೂ ಮುಖ್ಯ. ಅಟ್ಯಾಕ್ ಮಾಡುವವನಿಗೆ ತಾನು ಯಾವ ಕಡೆ ತಿರುಗುತ್ತೇನೆ ಅಂತ ಮೊದಲೇ ಗೊತ್ತು. ಡಿಫೆಂಡ್ ಮಾಡುವವನು ನೋಡಿ, ಆಮೇಲೆ ಬಟನ್ ಒತ್ತಬೇಕು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಓಗೊಡಲು ಸುಮಾರು ಕಾಲು ಸೆಕೆಂಡ್ ಬೇಕು. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುವ ಗೇಮ್‌ನಲ್ಲಿ ಅದು 15 ಫ್ರೇಮ್. ಅಷ್ಟರಲ್ಲಿ ಸ್ಟ್ರೈಕರ್ ದಾಟಿರುತ್ತಾನೆ. ಅದೂ ಅಲ್ಲದೆ, ಹನ್ನೊಂದು ಜನರಲ್ಲಿ ಕೈಯಲ್ಲಿರುವುದು ಒಬ್ಬನೇ. ಹಾಗಾಗಿ ಡಿಫೆಂಡ್ ಮಾಡುವವರಿಗೆ ಗೇಮ್ ಸಹಾಯ ಮಾಡಲೇಬೇಕು. ಆದರೆ ಆ ಸಹಾಯ ಒಂದು ಹೆಜ್ಜೆ ಜಾಸ್ತಿ ಆದರೂ ಆಡುವವರ ಕೈಗೆ ಕೆಲಸವೇ ಇರುವುದಿಲ್ಲ.

ಇದು ಹೊಸ ತೊಡಕೇನಲ್ಲ. 2011ರಲ್ಲಿ ಬಂದ ಫಿಫಾ 12 ಅನ್ನುವ ಫುಟ್‌ಬಾಲ್ ಗೇಮ್ ಇದನ್ನೇ ಎದುರಿಸಿತು. ಅದಕ್ಕೂ ಮುಂಚೆ ಒಂದು ಬಟನ್ ಒತ್ತಿ ಹಿಡಿದರೆ ಸಾಕು, ಡಿಫೆಂಡರ್ ತಾನೇ ಓಡಿ ಬಾಲ್‌ಗೆ ಅಂಟಿಕೊಳ್ಳುತ್ತಿದ್ದ. ಆ ಗೇಮ್ ಟ್ಯಾಕ್ಟಿಕಲ್ ಡಿಫೆಂಡಿಂಗ್ ತಂದಿತು. ದೂರ ಕಾಯ್ದುಕೊಂಡು ಹಿಂದೆ ಸರಿಯುತ್ತಾ, ಹೊತ್ತು ನೋಡಿ ಟ್ಯಾಕಲ್ ಮಾಡಬೇಕಾಯಿತು. ಮೈದಾನದಲ್ಲೂ ಇಂಥದ್ದು ನಡೆದಿದೆ. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲಿಸಿದರು: ಪಾಸ್ ಕೊಡುವ ಹೊತ್ತಿಗೆ ಅದನ್ನು ಪಡೆಯುವವನಿಗೂ ಗೋಲಿಗೂ ನಡುವೆ ಕನಿಷ್ಠ ಮೂರು ಜನ ಎದುರಾಳಿಗಳು ಇರಬೇಕು ಅನ್ನುವುದನ್ನು ಎರಡಕ್ಕೆ ಇಳಿಸಿದರು. ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ 1,192 ಇದ್ದ ಗೋಲು ಒಂದೇ ಸೀಸನ್‌ನಲ್ಲಿ 1,703ಕ್ಕೆ ಹಾರಿತು. ಆಗ ತಂಡಗಳು ನಡುವಿನ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ಎಳೆದು ಡಿಫೆಂಡರ್ ಮಾಡಿಕೊಂಡವು. ನನಗೆ ಈ ಕಥೆ ತುಂಬಾ ಇಷ್ಟ, ಯಾಕಂದ್ರೆ ಅಲ್ಲಿ ಉತ್ತರ ಹುಡುಕಿದ್ದು ಆಡುವವರೇ.

ಹೀಗಾಗಿ ಕಂಪ್ಯೂಟರ್ ಡಿಫೆಂಡರ್‌ಗಳಿಗೆ ಒಂದೇ ಕೆಲಸ ಉಳಿಸಿದೆ: ಜಾಗದಲ್ಲಿ ನಿಲ್ಲು, ದಾರಿ ಕಿರಿದು ಮಾಡು. ಕಿತ್ತುಕೊಳ್ಳುವುದು ಬಟನ್ ಒತ್ತಿದವರ ಪಾಲಿಗೆ. ಆಗ ಒಂದು ಹಳೇ ಅನ್ಯಾಯ ಕಣ್ಣಿಗೆ ಬಿತ್ತು. ಸರಿಯಾದ ಹೊತ್ತಿಗೆ ಟ್ಯಾಕಲ್ ಮಾಡಿದರೂ ಬಾಲ್ ಪುಟಿದು ಮತ್ತೆ ಸ್ಟ್ರೈಕರ್ ಕಾಲಿಗೇ ಹೋಗುತ್ತಿತ್ತು. ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿದೆ. ಡಿಫೆಂಡರ್ ಪಾದ ಬಾಲ್‌ಗೆ ತಾಗುತ್ತದೆ, ಬಾಲ್ ಸ್ಟ್ರೈಕರ್ ಮೊಣಕಾಲಿಗೆ ಬಡಿಯುತ್ತದೆ, ಅವನ ಓಟ ನಿಲ್ಲುವುದೇ ಇಲ್ಲ. ಡಿಫೆಂಡರ್ ಇನ್ನೂ ಕಾಲು ಊರುತ್ತಿರುತ್ತಾನೆ. ಚೆನ್ನಾಗಿ ಆಡಿದವನಿಗೇ ಶಿಕ್ಷೆ ಕೊಟ್ಟಂತೆ ಅಲ್ವಾ? ಸಮಯ ಸರಿ ಇದ್ದರೆ ಬಾಲ್ ಡಿಫೆಂಡರ್ ಕಡೆಗೇ ಬರುವಂತೆ, ಸ್ಟ್ರೈಕರ್ ಒಂದು ಹೆಜ್ಜೆ ಎಡವುವಂತೆ ಮಾಡಿದೆ. ಆತುರಪಟ್ಟು ಒತ್ತಿದರೆ ತಡವರಿಸುವ ಹೊತ್ತನ್ನು ಮೊದಲಿನಷ್ಟೇ ಬಿಟ್ಟೆ. ಅಟ್ಯಾಕ್ ಕಡೆ ಹೆಚ್ಚೇನೂ ಮುಟ್ಟಲಿಲ್ಲ.

ಅದೇ ಇಬ್ಬರನ್ನು ಮತ್ತೆ ಕೂರಿಸಿದೆ. ಪಂದ್ಯ 4-3ಕ್ಕೆ ಮುಗಿಯಿತು. ಗೋಲು ಜಾಸ್ತಿ ಅಂತ ಒಬ್ಬರೂ ಹೇಳಲಿಲ್ಲ. ಸೋತವನು ಒಂದು ರಿಪ್ಲೇ ತೋರಿಸಿ ಅಂತ ಕೇಳಿದ, ಅದೂ ತಾನು ಗೋಲಿನ ಮುಂದಿನ ಬಾಕ್ಸ್ ಅಂಚಿನಲ್ಲಿ ಮಾಡಿದ ಒಂದು ಟ್ಯಾಕಲ್‌ದು. ಈಗ ನಾನು ಕಾರ್ನರ್ ಕಿಕ್ ಮೇಲೆ ಕೂತಿದ್ದೇನೆ. ಅಲ್ಲಿ ಡಿಫೆಂಡ್ ಮಾಡುವವರ ಕೈಯಲ್ಲಿ ಇನ್ನೂ ಹೆಚ್ಚೇನೂ ಇಲ್ಲ.